ಅವನು ನನ್ನನ್ನು ಕಳ್ಳರ ರಾಣಿ ಮಾಡಿದ

ನಾನು ನಾಲ್ಕು ಬೆರಳು ಎತ್ತರದ ಒಂದು ಮಣ್ಣಿನ ಗೊಂಬೆ. ಧಾರವಾಡದ ಬಾಡಿಗೆ ಕೋಣೆಯೊಂದರಲ್ಲಿ ರತ್ನಾಕರ ಎಂಬವನು ನನ್ನನ್ನು ತಿದ್ದಿದ. ಅವನೆದುರು ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರವಿತ್ತು. ಅದರಲ್ಲಿ ಲಂಬಾಣಿ ತಾಂಡಾದ ಮುದುಕಿಯೊಬ್ಬಳು ಬಾಗಿಲಲ್ಲಿ ಕುಳಿತು ನಗುತ್ತಿದ್ದಳು. ಅವಳ ಕನ್ನಡಿ ಹೊಲಿದ ರವಿಕೆ, ಮೊಣಕೈ ಮೇಲಿನ ಬಿಳಿ ಬಳೆ, ಕೆನ್ನೆಯ ಬದಿಗೆ ತೂಗುವ ಬೆಳ್ಳಿ, ಎಲ್ಲವನ್ನೂ ಸೂಜಿಮೊನೆಯಿಂದ ನನ್ನ ಮೇಲೆ ಇಳಿಸಿದ. ನಗುವನ್ನು ಮಾತ್ರ ಬಿಟ್ಟ. ಹುಬ್ಬು ಗಂಟಿಕ್ಕಿಸಿ, ಕೈಗೊಂದು ಚೂರಿ ಅಂಟಿಸಿದ.

ನಾನು ಹುಟ್ಟಿದ್ದೇ ಸಾಯಲಿಕ್ಕೆ. ರತ್ನಾಕರ ಒಂದು ಕಲ್ಪನೆಯ ರಾಜ್ಯ ಕಟ್ಟಿದ್ದ. ಪ್ರತಿ ಭಾನುವಾರ ಗೆಳೆಯರು ಮೇಜಿನ ಸುತ್ತ ಕೂಡುತ್ತಿದ್ದರು. ಒಬ್ಬೊಬ್ಬರೂ ಒಬ್ಬೊಬ್ಬ ವೀರನಾಗಿ, ಅವನು ಹೇಳುವ ಕಥೆಯೊಳಗೆ ದಾಳ ಉರುಳಿಸಿ ಕಾದಾಡುತ್ತಿದ್ದರು. ಮಕ್ಕಳನ್ನು ಕದಿಯುವ ಮರಳುಗಾಡಿನ ಕುಲಕ್ಕೆ ನಾನು ರಾಣಿ. ನನ್ನನ್ನು ಕೊಂದಾಗಲೆಲ್ಲ ಚಪ್ಪಾಳೆ. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವರ ಗದ್ದ ಮತ್ತು ಚಿಪ್ಸಿನ ಎಣ್ಣೆ ಮೆತ್ತಿದ ಬೆರಳು. ಆ ಬೆರಳುಗಳೆಂದರೆ ನನಗೆ ಹೇಸಿಗೆ.

ಒಂದು ಭಾನುವಾರ ಜಮುನಾ ರಾಠೋಡ ಎಂಬ ಕಾನೂನು ವಿದ್ಯಾರ್ಥಿನಿ ಹೊಸದಾಗಿ ಆಟಕ್ಕೆ ಬಂದಳು. ನನ್ನನ್ನು ಎತ್ತಿ ಕಣ್ಣ ಹತ್ತಿರ ಹಿಡಿದಳು.

"ಈಕಿ ಯಾರ್ರೀ?"

"ಕಳ್ಳರ ಕುಲದಾಕಿ. ಎಲ್ಲಾ ಕಲ್ಪನಾ ರೀ," ಎಂದ ರತ್ನಾಕರ.

"ಈ ಬಳಿ ನಮ್ಮವ್ವ ಹಾಕ್ಕೋತಾಳ. ಕುಲದ ಹೆಸರು ಬದ್ಲಿ ಮಾಡೀರಿ, ಬಳಿ ಬದ್ಲಿ ಮಾಡಿಲ್ಲ."

"ಬರೇ ಆಟ ಐತ್ರೀ. ನಿಮ್ಮ ಡ್ರೆಸ್ ಚಂದ ಐತಿ ಅಂತ ತಗೊಂಡೇನಿ."

"ಬ್ರಿಟಿಷರ ಕಾಲಕ್ಕ ನಮ್ಮ ಮುತ್ಯಾ ಊರ ದಾಟಿದ್ರ ಪೊಲೀಸರಿಗೆ ಹಾಜರಿ ಕೊಡಬೇಕಿತ್ತು. ಹುಟ್ಟಿದ ಕೂಸಿಗೂ ಕಳ್ಳ ಅಂತಿದ್ರು. ಅದೂ ಯಾರೋ ಕಟ್ಟಿದ ಕಥೀನ. ನಿಮ್ಮ ರಾಜ್ಯದಾಗ ನಮ್ಮದೊಂದು ಹಾಡರ ಐತೇನು?"

ರತ್ನಾಕರನಿಗೆ ಲಂಬಾಣಿ ಹಾಡೊಂದೂ ಗೊತ್ತಿರಲಿಲ್ಲ. "ಆಟ ಕೆಡಸಾಕ ಬಂದೀರೇನು?" ಎಂದು ನನ್ನನ್ನು ಕಸಿಯಲು ಬಂದ. ಜಮುನಾ ಹಿಂದೆ ಸರಿದು ನನ್ನ ಚೂರಿಯನ್ನು ಮುರಿದಳು. ಜೊತೆಗೆ ನನ್ನ ಎರಡು ಬೆರಳೂ ಹೋದವು. ನೋವಾಯಿತು, ಹಾಯೆನಿಸಿತು ಕೂಡ. ಚೂರಿಯನ್ನು ಮೇಜಿನ ಮೇಲೆಸೆದು, ನನ್ನನ್ನು ಮುಷ್ಟಿಯಲ್ಲಿ ಹಿಡಿದು ಹೊರಟಳು. ಅವಳನ್ನು ಕರೆತಂದಿದ್ದ ಗೆಳತಿ ವಿನೋದಾ ಕುರ್ಚಿ ಬಿಟ್ಟು ಏಳಲಿಲ್ಲ.

ಈಗ ಜಮುನಾಳ ಹಾಸ್ಟೆಲಿನ ಕಿಟಕಿಯಲ್ಲಿದ್ದೇನೆ. ಬಿಸಿಲಿಗೆ ಬಣ್ಣ ಹೋಗಿದೆ. ರತ್ನಾಕರನ ಆಟ ಪೆಟ್ಟಿಗೆಯಾಗಿ ಅಂಗಡಿಗೆ ಬಂತು. ಮುಚ್ಚಳದ ಮೇಲೆ ನನ್ನದೇ ಚಿತ್ರ. ಪ್ರಕಾಶಕರಿಗೆ ಜಮುನಾ ಮೂರು ಸಲ ದೂರು ಬರೆದಳು. ಒಂದಕ್ಕೂ ಉತ್ತರ ಬರಲಿಲ್ಲ. ನಾಲ್ಕನೆಯದನ್ನು ಇಂದು ಬೆಳಿಗ್ಗೆ ಅಂಚೆಗೆ ಹಾಕಿ ಬಂದಿದ್ದಾಳೆ.

ನನ್ನ ಬೆನ್ನಿನಲ್ಲಿ ರತ್ನಾಕರನ ಹೆಬ್ಬೆಟ್ಟಿನ ಗುರುತು ಹಸಿಮಣ್ಣಿನಲ್ಲಿ ಮೂಡಿ, ಹಾಗೆಯೇ ಒಣಗಿ ಉಳಿದಿದೆ. ಯಾರು ಎತ್ತಿಕೊಂಡರೂ ಅವರ ಬೆರಳು ಅಲ್ಲೇ ಹೋಗಿ ಕೂರುತ್ತದೆ. ಕೆರೆದು ಹಾಕೋಣವೆಂದರೆ ನನ್ನ ಕೈ ಅಲ್ಲಿಗೆ ನಿಲುಕದು.