ಬಿಳಿ ಮಣ್ಣಿನ ಕೆಳಗೆ

ಗುದ್ದಲಿಯನ್ನು ಮೂರನೇ ಸಲ ಕೆಳಗಿಟ್ಟು ನಾಲ್ಕನೇ ಸಲ ಎತ್ತಿಕೊಂಡಳು ಚಿಕ್ಕವೆಂಕಟಮ್ಮ. ಗೊಬ್ಬರದ ಗುಂಡಿಯ ಮೇಲೆ ಬಿಳಿ ಪುಡಿ ಹರಡಿತ್ತು. ಮುಚ್ಚಲು ಮಣ್ಣು ತಾ ಎಂದು ವಾರದ ಹಿಂದೆ ಗಂಡ ಮುನೇಶನನ್ನು ಅಟ್ಟಿದ್ದಳು. ಆ ಪುಣ್ಯಾತ್ಮ ಹತ್ತಿರವಾಯಿತೆಂದು ಸೈನೈಡ್ ದಿಬ್ಬದಿಂದಲೇ ಎರಡು ಮೂಟೆ ಹೊತ್ತು ತಂದಿದ್ದ. ಸೈನೈಡ್ ಹಾಕಿ ಚಿನ್ನ ತೆಗೆದು ಬಿಸಾಡಿದ ಆ ವಿಷದ ಮರಳಗುಡ್ಡದ ಮೇಲೆ ಕಾಗೆಯೂ ಉಸಿರು ಬಿಗಿಹಿಡಿದೇ ಹಾರುತ್ತದೆ.

"ಮಣ್ಣು ಅಂದ್ರೆ ಮಣ್ಣೇ ಅಲ್ವೇನೆ," ಎಂದ ಮುನೇಶ.

"ಯೂರಿಯಾನೂ ಬೆಳ್ಳಗೇ ಐತೆ. ನಾಳೆ ಉಪ್ಪಿನ ಬದ್ಲು ಸಾರಿಗೆ ಆಕ್ತೀನಿ, ಉಣ್ಣು."

ಮೈಸೂರು ಮೈನ್ಸ್ ಚಿನ್ನದ ಗಣಿಯ ಕೂಲಿಗಳ ಸಾಲುಮನೆಗಳ ಕಸವೆಲ್ಲ ಹಿಂದಿನ ಬಯಲಿಗೆ ಬಿದ್ದು ಕೊಳೆಯುತ್ತಿತ್ತು. ಬೆಳಗಾದರೆ ಯಾರೋ ಬೆಂಕಿ ಇಡುತ್ತಿದ್ದರು. ಪಕ್ಕದ ಮನೆಯ ಆರುಮುಗಂ ಮೂವತ್ತು ವರ್ಷ ಗಣಿಯ ದೂಳು ಕುಡಿದ ಮುದುಕ. ಹೊಗೆ ಎದ್ದರೆ ಅವನು ಕೆಮ್ಮುವ ರಭಸಕ್ಕೆ ಮಾರಿಕುಪ್ಪಂನಲ್ಲಿ ನಿಂತ ರೈಲು ಡ್ರೈವರಿಲ್ಲದೆ ಬಂಗಾರಪೇಟೆ ಸೇರುತ್ತಿತ್ತು. ಎರಡು ಸಲ ಆಸ್ಪತ್ರೆಗೆ ಹೊತ್ತೊಯ್ದಾಗಿತ್ತು. ಇನ್ನೊಮ್ಮೆ ಹೊಗೆ ಕುಡಿದರೆ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ ತಿಪ್ಪೆ ನೋಡಿ ಬೆಳೆದ ಚಿಕ್ಕವೆಂಕಟಮ್ಮ ಅದಕ್ಕೇ ಗುಂಡಿ ತೋಡಿ, ಹನ್ನೊಂದು ಮನೆಗಳ ಸಿಪ್ಪೆ, ಹಳಸಿದ ಅನ್ನ, ಒಣಗಿದ ಎಲೆ ತುಂಬಿಸಿದ್ದಳು. ಮೂರು ತಿಂಗಳ ಗಡುವು. ಗೊಬ್ಬರವಾದರೆ ಸರಿ, ನಾರಿದರೆ ಮತ್ತೆ ಅದೇ ಬಯಲು, ಅದೇ ಬೆಂಕಿಪೊಟ್ಟಣ ಎಂದು ಕೊನೆಮನೆಯ ಪುಷ್ಪ ಎಲ್ಲರ ಪರವಾಗಿ ಹೇಳಿಬಿಟ್ಟಿದ್ದಳು. ಇವತ್ತಿಗೆ ಗಡುವು ಮುಗಿದು, ಪುಷ್ಪ ಹೆಂಗಸರ ದಂಡು ಕಟ್ಟಿಕೊಂಡು, ಮೂಗಿಗೆ ಮೊದಲೇ ಸೆರಗು ಒತ್ತಿಕೊಂಡು ಬಂದೇಬಿಟ್ಟಳು.

ಚಿಕ್ಕವೆಂಕಟಮ್ಮ ಬಿಳಿ ಪುಡಿ ಕೆರೆದು ತೆಗೆದಳು. ಗೇಣುದ್ದ ಅಗೆದರೂ ಒಂದು ಎರೆಹುಳ ಇಲ್ಲ. ಎಲ್ಲ ಬೂದಿಬಣ್ಣ. ಗುದ್ದಲಿಯನ್ನು ಅತ್ತ ಬಿಸಾಡಿದಳು.

"ಸತ್ತೋಗೈತೆ. ಓಗಿ, ಕಡ್ಡಿ ಗೀರ್ಕಳಿ."

ಬಾಗಿಲಲ್ಲಿ ಕೂತಿದ್ದ ಆರುಮುಗಂ ಎದ್ದ. ಹತ್ತು ಹೆಜ್ಜೆಗೆ ನಾಲ್ಕು ಕಡೆ ನಿಂತು, ಏದುಸಿರು ಬಿಡುತ್ತ ಗುಂಡಿಯ ಅಂಚಿಗೆ ಬಂದು ಮಂಡಿಯೂರಿದ.

"ಕೆಳಗೆ ಇಳೀದೇನೆ ಖಾಲಿ ಅಂತ ಏಳ್ಬಾರ್ದಮ್ಮ. ಇರು, ಪಾಪ್ಪೋಂ, ನೋಡೋಣ."

ಅವಳು ಅಗೆದ ಕಡೆಯೇ ಭುಜದವರೆಗೂ ಕೈ ತೂರಿಸಿದ. ಅವನು ಅಲ್ಲಿ ತಡಕಾಡಿದಷ್ಟು ಹೊತ್ತಿನಲ್ಲಿ ಇನ್ನೊಂದು ಗಣಿಯನ್ನೇ ತೋಡಬಹುದಿತ್ತು. ಕೊನೆಗೆ ಮುಷ್ಟಿ ಮೇಲೆ ಬಂತು, ಕಪ್ಪಗೆ, ಒದ್ದೆಯಾಗಿ. ಬೆರಳಸಂದಿಯಲ್ಲಿ ಕೆಂಪನೆಯದೊಂದು ಹುಳ ನುಲಿಯುತ್ತಿತ್ತು.

ಆ ಹಿಡಿ ಗೊಬ್ಬರವನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಉಸಿರು ಒಳಗೆಳೆದ. ಇಡೀ ಸಾಲುಮನೆ ಕೆಮ್ಮಿಗಾಗಿ ಕಾಯಿತು. ಕೆಮ್ಮು ಬರಲಿಲ್ಲ. ಪುಷ್ಪಳ ಸೆರಗು ಮೂಗಿನಿಂದ ಜಾರಿತು.

ಆರುಮುಗಂ ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದ.