ಮೂಡಬಿದ್ರೆಯ ಲೆಕ್ಕದ ಮಾಸ್ಟ್ರು

ಮುಂಡಪ್ಪ ಮಾವ ಅಂಗಳಕ್ಕೆ ಕಾಲಿಟ್ಟ ಸದ್ದು ಕೇಳಿದರೆ ಸಾಕು, ಕಾಂತಿ ತೆಂಗಿನಕಾಯಿ ತುರಿಯಲು ಕುಳಿತುಬಿಡುತ್ತಿದ್ದಳು. ತುರಿಯುವ ಸದ್ದಿನಲ್ಲಿ ಮಾವನ ಅರ್ಧ ಮಾತಾದರೂ ಕೇಳದೆ ಹೋಗಲಿ ಎಂದು.

ಅದು ಸಾವಿರದ ಒಂಬೈನೂರ ಅರವತ್ತೆರಡನೇ ಇಸವಿ. ಕಾಂತಿ ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎರಡನೇ ಸಲ ಫೇಲಾಗಿದ್ದಳು. ಕನ್ನಡದಲ್ಲಿ, ಚರಿತ್ರೆಯಲ್ಲಿ ತರಗತಿಗೇ ಮೊದಲಿಗಳು. ಗಣಿತದಲ್ಲಿ ಮಾತ್ರ ಮಾರ್ಚಿನಲ್ಲಿ ಹತ್ತೊಂಬತ್ತು, ಸೆಪ್ಟೆಂಬರಿನಲ್ಲಿ ಇಪ್ಪತ್ತೊಂದು. "ಎರಡು ಹೆಚ್ಚು ಬಂತಲ್ಲ" ಎಂದು ಅಮ್ಮ ಪ್ರೇಮಾವತಿ ಸಮಾಧಾನ ಹೇಳಿದ್ದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತ್ತು.

ಮುಂಡಪ್ಪ ಮಾವ ಬಂಟ್ವಾಳದಿಂದ ಮೂಡಬಿದ್ರೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ದಿನಕ್ಕೆ ನೂರು ಜನರ ಮಾತು ಕಿವಿಗೆ ಬೀಳುತ್ತಿತ್ತು. ಅದರಲ್ಲಿ ಹೊಗಳಿಕೆಯನ್ನು ಮಾತ್ರ ಹೆಕ್ಕಿ ಮನೆಗೆ ತರುತ್ತಿದ್ದರು. ಅವರು ಹೊಗಳಿದ ಕೊಡೆ ಮೊದಲ ಮಳೆಗೇ ಮೇಲ್ಮುಖವಾಗಿ ಮಡಚಿಕೊಂಡಿತ್ತು. ಅವರು ಹೊಗಳಿದ ಎಣ್ಣೆ ಹಚ್ಚಿ ಅಮ್ಮನ ಕೂದಲು ಹಿಡಿ ಹಿಡಿಯಾಗಿ ಉದುರಿತ್ತು. ಈಗ ಆರು ತಿಂಗಳಿನಿಂದ ಮೂಡಬಿದ್ರೆಯ ಇಬ್ರಾಹಿಂ ಖಲೀಲ್ ಮಾಸ್ಟ್ರ ಸರದಿ.

"ಕಲ್ಲನ್ನು ತಂದು ಕೂರಿಸಿದರೆ ಕಲ್ಲಿಗೂ ಲೆಕ್ಕ ಬರ್ತದೆ, ಕಾಂತೀ! ಬೆಳ್ತಂಗಡಿಯ ಧರ್ಣಪ್ಪನ ಮಗ ನಾಲ್ಕು ಸಲ ಫೇಲು. ಈಗ ಎಲ್ಲಿದ್ದಾನೆ ಗೊತ್ತುಂಟಾ? ಬ್ಯಾಂಕಿನಲ್ಲಿ!"

"ಬ್ಯಾಂಕಿನಲ್ಲಿ ಬಾಗಿಲು ಕಾಯುವುದಾ, ಮಾವ?"

"ನಿನಗೆ ನಾಲಿಗೆ ಮಾತ್ರ ಪಾಸು," ಎಂದರು ಮಾವ. ತಂಗಿ ಪ್ರೇಮಾವತಿಯ ಕಡೆ ತಿರುಗಿ, "ಭಾನುವಾರ ಇವಳನ್ನು ಕರೆದುಕೊಂಡು ಹೋಗ್ತೇನೆ" ಎಂದು ತೀರ್ಮಾನ ಹೇಳಿಬಿಟ್ಟರು. ಆ ಮನೆಯಲ್ಲಿ ಮಾವನ ತೀರ್ಮಾನಕ್ಕೆ ಎದುರಾಡುವವರಿರಲಿಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾವ ಕಂಡಕಂಡವರಿಗೆಲ್ಲ, "ನಮ್ಮ ಹುಡುಗಿ, ಎರಡು ಸಲ ಫೇಲು, ಖಲೀಲ್ ಮಾಸ್ಟ್ರಲ್ಲಿಗೆ" ಎಂದು ಹೇಳುತ್ತ ಟಿಕೇಟು ಹರಿದರು. ಕಾಂತಿಗೆ ಬಸ್ಸಿನ ಸೀಟಿನ ಕೆಳಗೆ ಹೋಗಿ ಅಡಗಿಕೊಳ್ಳುವ ಹಾಗಾಯಿತು. ಅವಳ ಪಕ್ಕದಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಕೈ ಹಿಡಿದು, "ಹೆದರಬೇಡ ಮಗಾ, ಅವರ ಕೈಗುಣ ದೊಡ್ಡದು" ಎಂದಳು. ಲೆಕ್ಕಕ್ಕೆ ಕೈಗುಣವೇ! ಇವರೆಲ್ಲ ಸೇರಿ ತನ್ನನ್ನು ರೋಗಿ ಮಾಡಿದ್ದಾರೆ ಎನ್ನಿಸಿ ಕಾಂತಿಗೆ ಮೈಯೆಲ್ಲ ಉರಿಯಿತು.

ಮಾಸ್ಟ್ರು ಮನೆಯಲ್ಲಿರಲಿಲ್ಲ. ಬಸ್ಸು ಮರಳುವುದು ಸಂಜೆಗಾದ್ದರಿಂದ ಇಬ್ಬರೂ ಜಗಲಿಯಲ್ಲಿ ಎರಡು ಗಂಟೆ ಕಾದರು. ಕೊನೆಗೆ ಬಂದವರು ಗಿಡ್ಡಗಿನ ಮನುಷ್ಯ. ತಲೆಗೆ ಬಿಳಿ ಟೊಪ್ಪಿ, ಕಂಕುಳಲ್ಲಿ ಒಂದು ಕೋಳಿ. ಓಡಿಹೋದ ಕೋಳಿಯನ್ನು ಹುಡುಕಲು ಹೋಗಿದ್ದರಂತೆ. ಅದನ್ನು ಗೂಡಿಗೆ ಬಿಟ್ಟು, ಕೈ ತೊಳೆದು, ಕಾಂತಿಯ ಮುಂದೆ ಕುಳಿತರು.

ಬೀಜಗಣಿತವನ್ನಾಗಲಿ ರೇಖಾಗಣಿತವನ್ನಾಗಲಿ ಅವರು ಕೇಳಲಿಲ್ಲ. "ನಾಲ್ಕನೇ ಕ್ಲಾಸಿನ ಲೆಕ್ಕದ ಪುಸ್ತಕ ಮನೆಯಲ್ಲಿ ಉಂಟಾ?" ಎಂದು ಕೇಳಿದರು.

"ನಾನು ಎಸ್ಸೆಸ್ಸೆಲ್ಸಿ."

"ಅದು ಗೊತ್ತುಂಟು. ಬರುವ ವಾರ ನಾಲ್ಕನೆಯದ್ದು ತಾ."

ಮುಂದಿನ ಭಾನುವಾರ ಹದಿನೇಳು ವರ್ಷದ ಕಾಂತಿ ಮೂರಂಕಿಯ ಕೂಡಿಸುವ ಲೆಕ್ಕ ಮಾಡಿದಳು. ಒಂದೂ ತಪ್ಪಾಗಲಿಲ್ಲ. ಅದರ ಮುಂದಿನ ಭಾನುವಾರ ಪುಸ್ತಕವೂ ಇಲ್ಲ. ಮಾಸ್ಟ್ರು ಅವಳನ್ನು ಒಳಗೆ ಹೆಂಡತಿ ಸಫಿಯಮ್ಮನ ಬಳಿಗೆ ಕಳಿಸಿ, ಅಕ್ಕಿ ಅಳೆದು ಡಬ್ಬಿಗಳಿಗೆ ತುಂಬಿಸಲು ಹೇಳಿದರು. ಯಾವ ಡಬ್ಬಿಗೆ ಎಷ್ಟು ಸೇರು, ಎಷ್ಟು ಪಾವು ಹಿಡಿಯಿತು ಎಂದು ಬರೆಯಬೇಕು. ನಾಲ್ಕನೆಯ ಭಾನುವಾರವೂ ಅದೇ.

ಮನೆಗೆ ಬಂದು ಅವಳು ಚೀಲ ಎಸೆದಳು. "ಅಮ್ಮಾ, ನಾನು ಇನ್ನು ಹೋಗುವುದಿಲ್ಲ. ಅವರಿಗೆ ಬೇಕಾದದ್ದು ಅಡುಗೆ ಮನೆಗೆ ಜನ."

"ಮಾವ ಏನು ಹೇಳಿಯಾರು?"

"ಮಾವನೇ ಹೋಗಿ ಅಕ್ಕಿ ಅಳೆಯಲಿ!"

ಆದರೂ ಐದನೆಯ ಭಾನುವಾರ ಮಾವ ಬಾಗಿಲಲ್ಲಿ ನಿಂತಿದ್ದರು. ಅವಳು ಹೋದಳು. ಮಾಸ್ಟ್ರು ಮತ್ತೆ ಅಡುಗೆ ಮನೆಯ ಕಡೆ ಕೈ ತೋರಿಸಿದಾಗ ಕಾಂತಿಗೆ ತಡೆಯಲಾಗಲಿಲ್ಲ.

"ಮಾಸ್ಟ್ರೇ, ಪರೀಕ್ಷೆಯಲ್ಲಿ ಅಕ್ಕಿ ಅಳೆಯಲಿಕ್ಕೆ ಹೇಳುವುದಿಲ್ಲ!"

ಜಗಲಿಯಲ್ಲಿ ಪಾಠಕ್ಕೆ ಕುಳಿತಿದ್ದ ಬೇರೆ ಮಕ್ಕಳೆಲ್ಲ ತಲೆಯೆತ್ತಿದರು. ಮಾವನ ಮುಖ ಬಿಳುಚಿತು. ಮಾಸ್ಟ್ರಿಗೆ ಕೋಪ ಬಂದ ಹಾಗೆ ಕಾಣಲಿಲ್ಲ.

"ಇಲ್ಲ, ಹೇಳುವುದಿಲ್ಲ. ಹಾಗಾದರೆ ಹೇಳು, ಒಂದನ್ನು ಕಾಲು ಭಾಗದಿಂದ ಭಾಗಿಸಿದರೆ ಎಷ್ಟು?"

"ತಿರುಗಿಸಿ ಗುಣಿಸಬೇಕು. ನಾಲ್ಕು."

"ತಿರುಗಿಸುವುದು ಯಾಕೆ?"

"ಪುಸ್ತಕದಲ್ಲಿ ಹಾಗೆ ಉಂಟು."

"ಪುಸ್ತಕದಲ್ಲಿ ಇರಲಿ. ನಿನಗೆ ನಂಬಿಕೆ ಉಂಟಾ?"

ಆ ಪ್ರಶ್ನೆಯನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. "ಇಲ್ಲ," ಎಂದಳು ಅವಳು ಸಿಟ್ಟಿನಲ್ಲೇ. "ಭಾಗ ಮಾಡಿದರೆ ಕಡಿಮೆ ಆಗಬೇಕು. ಒಂದು ಇದ್ದದ್ದು ನಾಲ್ಕು ಆಗುವುದು ಸುಳ್ಳು. ನಾಲ್ಕನೇ ಕ್ಲಾಸಿನಲ್ಲಿ ನನಗೆ ದಡಾರ ಬಂದು ಒಂದೂವರೆ ತಿಂಗಳು ಶಾಲೆಗೆ ಹೋಗಿರಲಿಲ್ಲ. ಮತ್ತೆ ಹೋದಾಗ ಇದನ್ನೇ ಕೇಳಿದೆ. ಬೆಂಚಿನ ಮೇಲೆ ನಿಲ್ಲಿಸಿದರು. ಎಲ್ಲರೂ ನಗಾಡಿದರು. ಮತ್ತೆ ನಾನು ಕೇಳಲಿಲ್ಲ."

ಮಾಸ್ಟ್ರು ಒಳಗೆ ಕೂಗಿದರು. ಸಫಿಯಮ್ಮ ಸೇರು ತುಂಬ ಅಕ್ಕಿ, ಪಾವು, ಒಂದು ಗೆರಸೆ ತಂದಿಟ್ಟರು.

"ಒಂದು ಸೇರು ಉಂಟು. ಪಾವು ಅಂದರೆ ಕಾಲು ಸೇರು. ಈ ಒಂದರಲ್ಲಿ ಕಾಲು ಎಷ್ಟು ಸಲ ಉಂಟು, ನೋಡು."

ಕಾಂತಿ ಅಳೆದು ಗೆರಸೆಗೆ ಸುರಿದಳು. ಒಂದು ಸಲ, ಎರಡು ಸಲ, ಮೂರು ಸಲ. ನಾಲ್ಕನೆಯ ಪಾವು ಕೈಯಲ್ಲಿರುವಾಗ ಅವಳ ಕೈ ನಿಂತಿತು. ಸೇರು ಖಾಲಿಯಾಗಿತ್ತು.

"ಭಾಗಿಸುವುದು ಅಂದರೆ ಕತ್ತರಿಸುವುದು ಮಾತ್ರ ಅಲ್ಲ, ಮಗಳೇ. ಎಷ್ಟು ಸಲ ಹಿಡಿಯುತ್ತದೆ ಅಂತ ಕೇಳುವುದೂ ಹೌದು."

ಎರಡು ಭಾನುವಾರ ಅವಳು ಇದನ್ನೇ ಮಾಡಿದ್ದಳು. ಬರೆದೂ ಇದ್ದಳು. ಇಷ್ಟು ಸಣ್ಣ ವಿಷಯಕ್ಕೆ ಎಂಟು ವರ್ಷ! ಅಂದಿನಿಂದ ಇಂದಿನವರೆಗೆ ಪ್ರತಿಯೊಂದು ಲೆಕ್ಕವನ್ನೂ ಸುಳ್ಳು ಹೇಳಿದ ಹಾಗೆ ಬಾಯಿಪಾಠ ಮಾಡುತ್ತ ಬಂದದ್ದು ನೆನಪಾಗಿ ಅವಳಿಗೆ ಅಳು ಬಂತು. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು ಅದರಲ್ಲಿ.

"ಮೊದಲೇ ಹೇಳಬಹುದಿತ್ತಲ್ಲ, ಮಾಸ್ಟ್ರೇ?"

"ನೀನು ಎಲ್ಲಿ ಸಿಕ್ಕಿಬಿದ್ದಿದ್ದೀ ಅಂತ ನನಗೇನು ಗೊತ್ತು? ಎಲ್ಲದಕ್ಕೂ ತಲೆ ಆಡಿಸುತ್ತಿದ್ದೆ. ಇವತ್ತು ಜಗಳ ಮಾಡಿದೆ, ಗೊತ್ತಾಯಿತು."

ಆಮೇಲೆ ಯಾವ ಪವಾಡವೂ ನಡೆಯಲಿಲ್ಲ. ನಾಲ್ಕರಿಂದ ಐದು, ಐದರಿಂದ ಆರು ಎಂದು ಒಂದೊಂದೇ ತರಗತಿಯ ಪುಸ್ತಕ ಹತ್ತಬೇಕಾಯಿತು. ಮಾಸ್ಟ್ರು ಒಮ್ಮೆಯೂ ಶಹಬಾಸ್ ಎನ್ನಲಿಲ್ಲ. ಉತ್ತರ ಸರಿಯಿದ್ದರೂ "ಯಾಕೆ?" ಎನ್ನುವರು. ಆ "ಯಾಕೆ" ಕೇಳಿ ಕೇಳಿ ಕಾಂತಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆದರೆ ಮಾವ ಕರೆಯುವುದಕ್ಕೆ ಮೊದಲೇ ಅವಳು ಬಸ್ಸಿಗೆ ಹೊರಟು ನಿಲ್ಲತೊಡಗಿದ್ದಳು.

ಮಾರ್ಚಿನಲ್ಲಿ ಮೂರನೆಯ ಸಲ ಪರೀಕ್ಷೆಗೆ ಕುಳಿತಳು. ಗಣಿತದಲ್ಲಿ ಅರವತ್ತೆಂಟು ಬಂತು.

ಅಮ್ಮ ಅತ್ತರು. ಮಾವನ ವಿಷಯ ಕೇಳುವುದೇ ಬೇಡ. ಬಸ್ಸು ನಿಂತಲ್ಲೆಲ್ಲ ಇಳಿದು, ಪಾಣೆಮಂಗಳೂರಿನ ಅಂಗಡಿಗಳಿಗೂ ಹೋಗಿ, "ನಾನು ಹೇಳಿದ್ದೆ ಮಾರಾಯ, ಹೇಳಿದ್ದೆ!" ಎಂದು ಸಾರಿ ಬಂದರು. ಹತ್ತು ಸಲ ಸುಳ್ಳೇ ಹೊಗಳಿದ ಮನುಷ್ಯನ ಒಂದು ಹೊಗಳಿಕೆ ನಿಜವಾದರೆ ಅವನನ್ನು ಹಿಡಿಯುವವರಿಲ್ಲ ಎಂಬುದು ಕಾಂತಿಗೆ ಆಗ ತಿಳಿಯಿತು. ಮಾವ ಮರುದಿನವೇ ವಿಟ್ಲದ ಯಾವುದೋ ಕಷಾಯದ ಗುಣಗಾನ ಶುರುಮಾಡಿದಾಗ, ಅದನ್ನೂ ಕುಡಿಯಬೇಕಾದೀತು ಎಂದು ಅವಳಿಗೆ ಗಾಬರಿಯೇ ಆಯಿತು.

ಅಂಕಪಟ್ಟಿ ತೋರಿಸಲು ಅವಳು ಒಬ್ಬಳೇ ಮೂಡಬಿದ್ರೆಗೆ ಹೋದಳು. ಬಸ್ಸಿನಲ್ಲಿ ವೇಣೂರಿನ ಕಡೆಯ ಹೆಂಗಸೊಬ್ಬಳು ಲೆಕ್ಕದಲ್ಲಿ ಫೇಲಾದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಂತಿ ಎಲ್ಲಿಗೆ ಹೊರಟದ್ದೆಂದು ಕೇಳಿ ತಿಳಿದು, "ಆ ಮಾಸ್ಟ್ರು ಹೇಗೆ? ಜನ ಹೇಳುವಷ್ಟು ಉಂಟಾ?" ಎಂದು ಕೇಳಿದಳು. "ಉಂಟು," ಎಂದಳು ಕಾಂತಿ. "ಆದರೆ ನಿಮ್ಮ ಮಗಳಿಗೆ ತುಂಬ ಸಿಟ್ಟು ಬರ್ತದೆ."

ಸಫಿಯಮ್ಮ ಅವಳ ತಲೆ ಸವರಿ, ಬಾಯಿಗೆ ಸಕ್ಕರೆ ಹಾಕಿದರು. ಮಾಸ್ಟ್ರು ಅಂಕಪಟ್ಟಿಯನ್ನು ಎರಡು ಸಲ ಓದಿದರು. ಕಣ್ಣು ಒದ್ದೆಯಾದ ಹಾಗಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

"ಪ್ರಶ್ನೆಪತ್ರಿಕೆ ತಂದಿದ್ದೀಯಾ? ಉಳಿದ ಮೂವತ್ತೆರಡು ಎಲ್ಲಿ ಹೋಯಿತು, ನೋಡುವ."

"ಮಾಸ್ಟ್ರೇ, ನಾನು ಪಾಸಾಗಿದ್ದೇನೆ!"

"ಹೌದು. ಕೂತುಕೋ."

ಕಾಂತಿ ದೊಡ್ಡದಾಗಿ ನಿಟ್ಟುಸಿರು ಬಿಟ್ಟು, ಸೀರೆಯ ಸೆರಗು ಸಿಕ್ಕಿಸಿಕೊಂಡು, ಚಾಪೆಯ ಮೇಲೆ ಕುಳಿತಳು.