ಗಂಗಲಕ್ಷ್ಮಮ್ಮನ ಚಾಪೆ

ಬುಧವಾರ ಸಂಜೆ ಚನ್ನವೀರೇಶ ಗಂಗಲಕ್ಷ್ಮಮ್ಮನವರ ಮನೆಯ ಹಾಲ್‌ನಲ್ಲಿ ಕೂತು, ಒಂದು ಬಟ್ಟೆ ಡೈಪರಿನೊಳಕ್ಕೆ ಅಳತೆಯ ಜಾಡಿಯಿಂದ ನೂರೈವತ್ತು ಮಿಲಿಲೀಟರ್ ನೀರು ಸುರಿದ. ಒಳಗಿನ ಪ್ಯಾಡು ನೀರನ್ನೆಲ್ಲ ಹೀರಿಕೊಂಡ ಮೇಲೆ ಡೈಪರನ್ನು ತಲೆಕೆಳಗು ಮಾಡಿ, ತನ್ನ ಆಫೀಸಿನ ಪ್ಯಾಂಟಿನ ಮೇಲೆಯೇ ಹಿಡಿದು, ಒಂದು ನಿಮಿಷ ಗಡಿಯಾರ ನೋಡಿದ. ಒಂದು ಹನಿಯೂ ಬೀಳಲಿಲ್ಲ.

ಗಂಗಲಕ್ಷ್ಮಮ್ಮ ಮೂಡಲಪಾಳ್ಯದ ತಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಊರವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಸದ್ಯಕ್ಕೆ ಏಳು ಮಕ್ಕಳಿದ್ದವು. ಗೋಡೆಗೆ ಅಂಟಿಸಿದ್ದ ನಿಯಮಗಳಲ್ಲಿ ನಾಲ್ಕನೆಯದು, ಬಟ್ಟೆ ಡೈಪರ್ ತರಬಾರದು ಎಂಬುದು. ಅವರು ಈ ಪ್ರದರ್ಶನವನ್ನು ಕೊನೆಯವರೆಗೂ ನೋಡಿದರು.

"ಚೆನ್ನಾಗಿದೆ ಸಾರ್," ಅಂದರು. "ಆದ್ರೆ ಮಕ್ಳು ಜಾಡೀಲಿ ಅಳ್ತೆ ಮಾಡ್ಕೊಂಡು ಉಚ್ಚೆ ಹೊಯ್ಯಲ್ಲ."

ಕೊನೆಗೆ ಒಂದು ಒಪ್ಪಂದವಾಯಿತು. ಗುರುವಾರ, ಶುಕ್ರವಾರ ಎರಡು ದಿನ ಕಲಿಯಲು ಬಿಡುತ್ತಾರೆ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಅವರ ಚಾಪೆ ಒಣಗಿದ್ದರೆ ಮಗುವಿಗೆ ಜಾಗ ಉಂಟು. ನೆನೆದಿದ್ದರೆ ಬೇರೆ ಕಡೆ ನೋಡಿಕೊಳ್ಳಬೇಕು.

ಬೇರೆ ಕಡೆ ಎಂಬುದು ಇರಲಿಲ್ಲ. ಚಂದ್ರಾ ಲೇಔಟಿನಲ್ಲಿ ಇಬ್ಬರು, ವಿಜಯನಗರದಲ್ಲಿ ಒಬ್ಬರು ಬಟ್ಟೆ ಎಂದ ಕೂಡಲೇ ಕೈಮುಗಿದಿದ್ದರು. ಏಳು ತಿಂಗಳ ಮಗಳು ಅನಘಾಗೆ ಬಳಸಿ ಬಿಸಾಡುವ ಡೈಪರ್ ಹಾಕಿದರೆ ಎರಡು ಗಂಟೆಯಲ್ಲಿ ತೊಡೆಯ ಸಂದು ಕೆಂಡದಂತಾಗುತ್ತಿತ್ತು. ಬಟ್ಟೆಯೇ ಇರಲಿ ಎಂದು ಡಾಕ್ಟರು ಹೇಳಿಯಾಗಿತ್ತು. ಹೆಂಡತಿ ಸೌಮ್ಯಶ್ರೀ ರಾಜಾಜಿನಗರದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಉಪನ್ಯಾಸಕಿ. ಒಮ್ಮೆ ಅವಳ ಹೆರಿಗೆ ರಜೆ ಮುಂದುವರಿಸಿದ್ದ ಪ್ರಿನ್ಸಿಪಾಲರು ಈಗ, ಸೋಮವಾರ ಬಾರದಿದ್ದರೆ ದ್ವಿತೀಯ ಪಿಯು ತರಗತಿಗಳನ್ನು ಬೇರೆಯವರಿಗೆ ಕೊಡುವುದಾಗಿ ಹೇಳಿದ್ದರು. ಅಂದರೆ ಅವಳ ಸೋಮವಾರ ಗಂಗಲಕ್ಷ್ಮಮ್ಮನ ಚಾಪೆಯ ಮೇಲೆ ನಿಂತಿತ್ತು.

ಚನ್ನವೀರೇಶನಿಗೆ ಆತಂಕವೇನೂ ಇರಲಿಲ್ಲ. ಅವನ ಕೆಲಸ ರಾಜಾಜಿನಗರ ಕೈಗಾರಿಕಾ ಪ್ರದೇಶದ ಒಂದು ಲ್ಯಾಬಿನಲ್ಲಿ. ಬೇರೆ ಕಾರ್ಖಾನೆಗಳ ತಕ್ಕಡಿ, ತೂಕ, ಮಾಪಕಗಳು ಎಷ್ಟು ಸುಳ್ಳು ಹೇಳುತ್ತಿವೆ ಎಂದು ಕಂಡುಹಿಡಿದು ಸರ್ಟಿಫಿಕೇಟ್ ಬರೆಯುವುದು. ಒಂಬತ್ತು ವರ್ಷದಿಂದ ಇತರರ ತಪ್ಪು ಹುಡುಕಿಯೇ ಸಂಬಳ ತೆಗೆದುಕೊಂಡಿದ್ದ. ಡೈಪರಿನ ಜವಾಬ್ದಾರಿಯನ್ನು ಅವನೇ ಕೇಳಿ ವಹಿಸಿಕೊಂಡಿದ್ದ. ಹದಿನೆಂಟು ಡೈಪರುಗಳ ಮೇಲೂ ನಂಬರು ಬರೆದಿದ್ದ. ಅವಕ್ಕೆ ಒಂದು ನೋಟ್‌ಬುಕ್ಕಿತ್ತು. ಹಾಕಿದ ಹೊತ್ತು, ತೆಗೆದ ಹೊತ್ತು, ಒಣ ತೂಕ, ಒದ್ದೆ ತೂಕ, ಸೋರಿದ ಜಾಗ, ಕಾರಣ. ತಾಯಿ ಕಮಲಾಕ್ಷಮ್ಮ ಅಪ್ಪನ ಹಳೆಯ ಪಂಚೆಗಳನ್ನು ಹರಿದು ಚೌಕ ಚೌಕವಾಗಿ ಹೊಲಿದುಕೊಟ್ಟಿದ್ದ ಬಟ್ಟೆಗಳನ್ನು, ಪ್ರಮಾಣೀಕೃತವಲ್ಲ ಎಂಬ ಕಾರಣಕ್ಕೆ, ಅಟ್ಟಕ್ಕೆ ಹಾಕಿದ್ದ.

ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ಲ್ಯಾಬಿನಲ್ಲಿದ್ದಾಗ ವಾಟ್ಸ್ಆ್ಯಪಿಗೆ ಒಂದು ಫೋಟೋ ಬಂತು. ನೀಲಿ ಚಾಪೆ, ಅದರ ನಡುವೆ ಕಪ್ಪಗೆ ಒಂದು ಕೆರೆ. ಕೆಳಗೆ "ನೋಡಿ ಸಾರ್" ಎಂದಿತ್ತು.

ಸಂಜೆ ನೋಟ್‌ಬುಕ್ಕಿನ ಕಾರಣದ ಕಾಲಂನಲ್ಲಿ ಅವನು ಬರೆದದ್ದು: ಗಂಗಲಕ್ಷ್ಮಮ್ಮ ಸಡಿಲವಾಗಿ ಹಾಕಿದ್ದು. ಅಂದು ಮಧ್ಯಾಹ್ನವೂ ಸೋರಿತ್ತು. ಅದರ ಕಾರಣಕ್ಕಾಗಿ ಲ್ಯಾಬಿನಿಂದ ನೀರಿನ ಗಡಸುತನ ಅಳೆಯುವ ಕಿಟ್ ತಂದು, ನಲ್ಲಿಯ ನೀರು ಹಿಡಿದು, ಕೆಳಗಿನ ಮನೆಯ ಬೈರಪ್ಪನವರ ಮುಂದೆ ನಿಂತ. ಬೈರಪ್ಪ ಮನೆಯ ಮಾಲೀಕರು, ಮೂಡಲಪಾಳ್ಯ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿರುವವರು. ಬೋರ್‌ವೆಲ್ ನೀರಿನ ಗಡಸುತನದಿಂದ ತನ್ನ ಪ್ಯಾಡುಗಳ ಹೀರುವ ಶಕ್ತಿ ಕುಂದಿರಬಹುದೆಂದೂ, ಮೇಲಿನ ಮನೆಗೆ ಕಾವೇರಿ ನೀರಿನ ಪೈಪು ಕೊಡಬೇಕೆಂದೂ ಅವನು ವಿವರಿಸಿದ.

ಬೈರಪ್ಪ ಅವನ ಕೈಯಲ್ಲಿದ್ದ ಬಣ್ಣದ ಗಾಜಿನ ಕೊಳವೆಯನ್ನು ನೋಡಿದರು. "ಸಾರ್, ಇದೇ ನೀರಲ್ಲಿ ಒಗ್ದಿರೋ ಬಟ್ಟೆ ಮೇಲೆ ನಮ್ಮನೇಲಿ ಒಂಬತ್ತು ಮಕ್ಳು ಉಚ್ಚೆ ಉಯ್ದು ದೊಡ್ಡೋರಾಗವ್ರೆ. ಒಬ್ಬ ಇಂಜಿನಿಯರ್ ಆಗವ್ನೆ. ಅವನೂ ಹಿಂಗೇ ಮಾತಾಡ್ತಾನೆ, ಬುಡಿ."

ಶುಕ್ರವಾರ ಅವನು ಒಂದರ ಬದಲು ಎರಡು ಪ್ಯಾಡು ತುರುಕಿದ. ಅನಘಾ ದಿಂಬು ಕಟ್ಟಿಕೊಂಡ ಕುಸ್ತಿಪಟುವಿನಂತೆ ಕೂತಳು. ಇಪ್ಪತ್ತು ನಿಮಿಷದಲ್ಲಿ ಫೋಟೋ ಬಂತು. ಈ ಸಲ ಅಡಿಯಲ್ಲಿ ಬರಹವಿರಲಿಲ್ಲ. ಅವನು ಊಟದ ಬಿಡುವಿನಲ್ಲಿ ಡೈಪರ್ ಕಂಪನಿಗೆ ಫೋನ್ ಮಾಡಿದ. ಅಲ್ಲಿನ ಹುಡುಗಿ, ಮಗುವಿಗೆ ಏನಾದರೂ ಕ್ರೀಮ್ ಹಚ್ಚುತ್ತೀರಾ ಎಂದು ಕೇಳಿದಳು. ತನ್ನ ಮಗಳ ಮೈಗೆ ಇದುವರೆಗೆ ಒಂದು ಕ್ರೀಮೂ ತಾಗಿಲ್ಲವೆಂದು ಅವನು ಹೇಳಿದ. ಅದು ನಿಜವೇ ಆಗಿತ್ತು. ಆಮೇಲೆ ಗುಣಮಟ್ಟ ನಿಯಂತ್ರಣ ಎಂದರೇನು ಎಂಬುದರ ಬಗ್ಗೆ ಆ ಹುಡುಗಿಗೆ ಆರು ನಿಮಿಷ ಪಾಠ ಮಾಡಿದ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, ಇನ್ನೇನಾದರೂ ಸಹಾಯ ಬೇಕೇ ಎಂದಳು. ಕಾರಣದ ಕಾಲಂಗೆ ಕಂಪನಿಯೂ ಸೇರಿತು.

ಈ ಎರಡೂ ದಿನ ಸೌಮ್ಯಶ್ರೀಗೆ ಅವನು ಹೇಳಿದ್ದು ಒಂದೇ ಮಾತು, ಮಗು ಹೊಂದಿಕೊಳ್ತಿದೆ ಎಂದು. ಬೆಳಿಗ್ಗೆ ಬಿಡುವುದೂ ಸಂಜೆ ಕರೆತರುವುದೂ ಅವನೇ. ಒದ್ದೆ ಬಟ್ಟೆ ಒಗೆಯುವುದೂ ಅವನೇ. ಗುಟ್ಟು ಹೊರಬೀಳಲು ದಾರಿಯಿರಲಿಲ್ಲ. ಕಾರಣ ಪತ್ತೆಯಾದ ಮೇಲೆ ವರದಿಯನ್ನು ಪೂರ್ತಿಯಾಗಿಯೇ ಒಪ್ಪಿಸಿದರಾಯಿತು ಎಂದುಕೊಂಡಿದ್ದ. ಹೆಂಡತಿಗೆ ಹೇಳಲು ಹೆದರಿದ್ದಕ್ಕೆ ಅವನ ಲ್ಯಾಬಿನ ಭಾಷೆಯಲ್ಲಿ ಪೂರ್ತಿ ವರದಿ ಎಂದು ಹೆಸರು.

ಗುಟ್ಟು ಹೊರಬಿದ್ದದ್ದು ಶುಕ್ರವಾರ ಸಂಜೆ, ಒಂದು ಚಡ್ಡಿಯಿಂದ. ಕೊಟ್ಟಿದ್ದ ಬಟ್ಟೆಗಳೆಲ್ಲ ನೆನೆದು ಮುಗಿದಿದ್ದರಿಂದ ಗಂಗಲಕ್ಷ್ಮಮ್ಮ ಬೇರೆ ಯಾರದೋ ಮಗುವಿನ ಚಡ್ಡಿ ಹಾಕಿ ಕಳಿಸಿದ್ದರು. ಅದರ ಮೇಲೆ ಹಳದಿ ಟ್ರ್ಯಾಕ್ಟರ್ ಇತ್ತು.

"ಈ ಚಡ್ಡಿ ಯಾರ್ದು?" ಸೌಮ್ಯಶ್ರೀ ಬಾಗಿಲಲ್ಲೇ ಕೇಳಿದಳು.

ಅವನು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿದ. ಅವುಗಳಲ್ಲಿ ಒಂದೂ ಚಡ್ಡಿಯ ಬಗ್ಗೆ ಇರಲಿಲ್ಲ. ಅವಳು ಮಗುವನ್ನು ಕಂಕುಳಿಗೆ ಏರಿಸಿಕೊಂಡು, ಫ್ರಿಜ್ಜಿನ ಮೇಲಿದ್ದ ನೋಟ್‌ಬುಕ್ ತೆಗೆದು, ನಿಂತೇ ಎರಡು ಪುಟ ಓದಿದಳು.

"ಕಾರಣದ ಕಾಲಂನಲ್ಲಿ ಗಂಗಲಕ್ಷ್ಮಮ್ಮ ಇದಾರೆ, ಬೈರಪ್ಪ ಇದಾರೆ, ಕಂಪನಿ ಇದೆ," ಅಂದಳು. "ನೀವೆಲ್ಲಿ ರೀ?"

ಆಮೇಲೆ ಒಗೆದು ಮಡಿಸಿಟ್ಟಿದ್ದ ಒಂದು ಪ್ಯಾಡು ತಂದು ಅಡುಗೆಕಟ್ಟೆಯ ಮೇಲೆ ಹಾಸಿ, ಅದಕ್ಕೆ ಒಂದು ಚಮಚ ನೀರು ಬಿಟ್ಟಳು. ನೀರು ಒಳಗಿಳಿಯಲಿಲ್ಲ. ಕಾದ ದೋಸೆ ಹೆಂಚಿನ ಮೇಲೆ ಎರಚಿದ ಹನಿಗಳ ಹಾಗೆ ಗುಂಡು ಗುಂಡಾಗಿ ಓಡಾಡಿ, ಅಂಚಿನಿಂದ ಇಳಿದು, ಕಟ್ಟೆಯ ಮೇಲೆ ಹರಿಯಿತು. ಚನ್ನವೀರೇಶ ಬುಧವಾರ ಪರೀಕ್ಷಿಸಿದ್ದು ಹದಿನೆಂಟನೇ ನಂಬರಿನ ಡೈಪರನ್ನು. ಒಮ್ಮೆ ಒಗೆದು ಎತ್ತಿಟ್ಟಿದ್ದ, ಮಗುವಿಗೆ ಒಮ್ಮೆಯೂ ಹಾಕದ ಹೊಸದು. ಬಳಸಿದ್ದನ್ನು ಪರೀಕ್ಷಿಸಬೇಕೆಂದು ಅವನಿಗೆ ಹೊಳೆದಿರಲೇ ಇಲ್ಲ.

ಸೌಮ್ಯಶ್ರೀ ಪ್ಯಾಡನ್ನು ಮೂಗಿಗೆ ಹಿಡಿದಳು. "ಕೊಬ್ಬರಿ ಎಣ್ಣೆ. ಬೆಳಿಗ್ಗೆ ಎಣ್ಣೆ ಹಚ್ಚಿದ್ಮೇಲೆ ಸ್ನಾನ ಮಾಡಿಸ್ತೀರಿ ತಾನೆ?"

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಎರಡು ವಾರದ ಹಿಂದಿನವರೆಗೆ ಕಮಲಾಕ್ಷಮ್ಮ ಇಲ್ಲೇ ಇದ್ದರು. ದಿನಾ ಬೆಳಿಗ್ಗೆ ಗಾಣದ ಕೊಬ್ಬರಿ ಎಣ್ಣೆ ಕಾಯಿಸಿ ಮೊಮ್ಮಗಳ ಮೈಗೆಲ್ಲ ತಿಕ್ಕಿ, ಅರ್ಧ ಗಂಟೆ ಬಿಟ್ಟು, ಕಾಲು ಚಾಚಿ ಮಲಗಿಸಿಕೊಂಡು, ಕಡಲೆಹಿಟ್ಟು ಹಚ್ಚಿ ಬಿಸಿನೀರು ಎರೆಯುತ್ತಿದ್ದರು. ಮಗಳ ಹೆರಿಗೆಗೆಂದು ಅವರು ದಾವಣಗೆರೆಗೆ ಹೊರಟಾಗ ಬೆಳಗಿನ ಕೆಲಸ ಚನ್ನವೀರೇಶನಿಗೆ ಬಂತು. ಮಗುವಿಗೆ ಹಾಲೂಡಿಸಿ ದಣಿದ ಹೆಂಡತಿಗೆ ಏಳೂವರೆವರೆಗೂ ನಿದ್ದೆ ಬಿಟ್ಟುಕೊಟ್ಟಿದ್ದಕ್ಕೆ ಅವನಿಗೆ ತನ್ನ ಮೇಲೆ ಸಾಕಷ್ಟು ಗೌರವವಿತ್ತು. ಅವನು ಪದ್ಧತಿಯನ್ನು ಸುಧಾರಿಸಿದ. ಎಣ್ಣೆ ಬೆಳಿಗ್ಗೆ, ಸ್ನಾನ ಸಂಜೆ. ಇಪ್ಪತ್ತೈದು ನಿಮಿಷ ಉಳಿತಾಯ, ಜೊತೆಗೆ ಎಣ್ಣೆಗೆ ಮೈಯೊಳಗೆ ಇಳಿಯಲು ಹತ್ತು ಗಂಟೆ ಕಾಲಾವಕಾಶ. ಎಣ್ಣೆ ಇಳಿದದ್ದು ಪ್ಯಾಡಿನೊಳಗೆ. ಅದನ್ನು ತಣ್ಣೀರಿನಲ್ಲಿ, ಯಾವುದೋ ವಿಡಿಯೋ ಹೇಳಿದಂತೆ ಕಾಲು ಚಮಚ ಸೋಪಿನ ಪುಡಿ ಹಾಕಿ ಒಗೆದದ್ದರಿಂದ, ಹದಿನಾಲ್ಕು ದಿನದ ಎಣ್ಣೆ ಹಾಗೆಯೇ ಕೂತಿತ್ತು. ಸಂಜೆಯದು ಎರಡನೇ ಸ್ನಾನವೆಂದುಕೊಂಡಿದ್ದ ಸೌಮ್ಯಶ್ರೀ ಮನೆಯಲ್ಲಿ ಒದ್ದೆಯಾದ ಕೂಡಲೇ ಬಟ್ಟೆ ಬದಲಾಯಿಸುತ್ತಿದ್ದುದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸ್ನಾನ ಸಂಜೆಗೆ ಎಂದು ಅವನು ಬಾಯಿ ಬಿಟ್ಟದ್ದೇ ತಡ, ಅವಳು ಅತ್ತೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ಎಲ್ಲವನ್ನೂ ಕೇಳಿಸಿಕೊಂಡ ಕಮಲಾಕ್ಷಮ್ಮ ಮಗನನ್ನು ತರಾಟೆಗೆ ತೆಗೆದುಕೊಂಡರು.

"ಎಣ್ಣೆ ಹಚ್ಚಿ ಎರೀದಂಗ ಬಿಟ್ಟೇನೋ? ಕೂಸಂದ್ರೆ ಮೆಣಸಿನಕಾಯಿ ಬಜ್ಜಿ ಅಂತ ತಿಳಕಂಡೀಯಾ, ಎಣ್ಣೇಲಿ ಅದ್ದಿ ಪೇಪರ್ ಸುತ್ತಾಕೆ?"

ಸೌಮ್ಯಶ್ರೀ ನಗಲಿಲ್ಲ. ಫೋನಿಟ್ಟು, ಡೈನಿಂಗ್ ಟೇಬಲ್ಲಿನ ಕುರ್ಚಿಯಲ್ಲಿ ಕೂತಳು. ಟೇಬಲ್ಲಿನ ಮೇಲೆ ಅವಳು ಸೋಮವಾರಕ್ಕೆಂದು ತೆಗೆದಿಟ್ಟ ಪಾಠದ ಟಿಪ್ಪಣಿಗಳಿದ್ದವು.

"ಗುರುವಾರನೇ ಹೇಳಿದ್ರೆ ಗುರುವಾರನೇ ಗೊತ್ತಾಗ್ತಿತ್ತು," ಅಂದಳು. "ನಿಮ್ಗೆ ಇದು ಪ್ರಯೋಗ. ನನ್ಗೆ ಕೆಲ್ಸ ರೀ ಅದು."

ಒಂಬತ್ತು ವರ್ಷದಲ್ಲಿ ಸಾವಿರಾರು ತಕ್ಕಡಿಗಳಿಗೆ ಅವನು ಅನುತ್ತೀರ್ಣ ಎಂಬ ಚೀಟಿ ಅಂಟಿಸಿದ್ದ. ಚೀಟಿ ಅಂಟಿಸಿಕೊಂಡ ತಕ್ಕಡಿ ಮೂಲೆಯಲ್ಲಿ ಹೇಗೆ ನಿಂತಿರುತ್ತದೋ ಹಾಗೆ ಅವನು ಫ್ರಿಜ್ಜಿನ ಪಕ್ಕ ನಿಂತ. ತಪ್ಪಾಯ್ತು ಎಂದ. ಅವಳು, ಗೀಸರ್ ಹಾಕಿ ಎಂದಳು.

ಮುಂದಿನದೆಲ್ಲ ಅವಳ ಅಪ್ಪಣೆಯಂತೆ ನಡೆಯಿತು. ಕೈ ತಡೆಯದಷ್ಟು ಬಿಸಿನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್. ಎಣ್ಣೆ ಹಿಡಿದ ಬಾಣಲೆಗೆ ಹಾಕುವುದನ್ನೇ ಎಣ್ಣೆ ಹಿಡಿದ ಪ್ಯಾಡಿಗೂ ಹಾಕಬೇಕು, ಇದರಲ್ಲಿ ಲ್ಯಾಬಿನ ಮಾತೇನಿಲ್ಲ ಎಂದಳು. ಅವನು ಪ್ಯಾಡುಗಳನ್ನು ಕೋಲಿನಿಂದ ಕದಡಿ, ನೊರೆ ಹೋಗುವವರೆಗೆ ಏಳು ಸಲ ಜಾಲಿಸಿದ. ಮೊದಲ ನೀರಿನ ಮೇಲೆ ತೇಲಿದ ಎಣ್ಣೆಯನ್ನು ನೋಡಿ, ಅದನ್ನು ಅಳೆಯಬೇಕೆಂದು ಕೈ ತುರಿಸಿತು. ಅಳೆಯಲಿಲ್ಲ. ಫ್ಯಾನಿನ ಕೆಳಗೆ ಹರವಿ, ಮೇಲೆ ಇಸ್ತ್ರಿ ಎಳೆದರೂ ಬೆಳಿಗ್ಗೆಗೆ ಪೂರ್ತಿ ಒಣಗಿದ್ದು ನಾಲ್ಕು. ಉಳಿದದ್ದಕ್ಕೆ ಅವಳು ಅಟ್ಟ ತೋರಿಸಿದಳು. ಅವನು ಸ್ಟೂಲ್ ಹತ್ತಿ ಅಪ್ಪನ ಪಂಚೆಯ ಚೌಕಗಳನ್ನು ಇಳಿಸಿದ. ಒಂದು ಚಮಚ ನೀರು ಬಿಟ್ಟರೆ, ಬಿಟ್ಟ ಜಾಗದಲ್ಲೇ ಮಾಯವಾಯಿತು. ಪ್ರಮಾಣೀಕೃತವಲ್ಲ ಎಂಬ ಮಾತನ್ನು ಅವಳೂ ನೆನಪಿಸಲಿಲ್ಲ, ಅವನೂ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಎಣ್ಣೆಯ ಬಾಟಲಿ ಕಪಾಟಿನಲ್ಲೇ ಉಳಿಯಿತು. ಅನಘಾಳನ್ನು ಬಿಟ್ಟು ಬಂದ ಮೇಲೆ ಅವನು ಹನ್ನೊಂದೂವರೆವರೆಗೂ ಫೋನನ್ನು ಅಂಗೈಯಲ್ಲೇ ಇಟ್ಟುಕೊಂಡಿದ್ದ. ಹನ್ನೆರಡಾದರೂ ಫೋಟೋ ಬರಲಿಲ್ಲ. ಹನ್ನೆರಡೂ ಮುಕ್ಕಾಲಿಗೆ ತಡೆಯಲಾರದೆ ನಡೆದುಕೊಂಡು ಹೊರಟ.

ಚಾಪೆ ಒಣಗಿತ್ತು. ಅವನು ಬಗ್ಗಿ, ಕಣ್ಣಳತೆ ಸಾಲದೆಂಬಂತೆ, ಅಂಗೈ ಇಟ್ಟೂ ನೋಡಿದ. ಮಗು ಅದರ ನಡುವೆ ಕೂತು ಪ್ಲಾಸ್ಟಿಕ್ ಚಮಚವನ್ನು ಕಚ್ಚುತ್ತಿತ್ತು. ಅಲ್ಲಿಗೆ ಸುಮ್ಮನೆ ಎತ್ತಿಕೊಂಡು ಬಂದಿದ್ದರೆ ಕತೆ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ಎರಡು ದಿನದ ಅವಮಾನ ತೀರಿಸಿಕೊಳ್ಳುವ ಆಸೆ ಅವನಿಗೆ. ಹೊರಡುವ ಮುಂಚೆ ಡೈಪರ್ ತಾನೇ ಬದಲಾಯಿಸುತ್ತೇನೆಂದ. ಬಟನ್ನುಗಳನ್ನು ಯಾವ ಸಾಲಿಗೆ ಹಾಕಬೇಕು, ತೊಡೆಯ ಹತ್ತಿರ ಎಲಾಸ್ಟಿಕ್ ಎಷ್ಟು ಬಿಗಿ ಇರಬೇಕು ಎಂಬುದನ್ನು ಗಂಗಲಕ್ಷ್ಮಮ್ಮನಿಗೆ ಬೆರಳಿಟ್ಟು ತೋರಿಸುತ್ತ, ಒಂದೊಂದಾಗಿ ವಿವರಿಸುತ್ತ ಹಾಕಿದ. ಅವರು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಅವನು ಮಗಳನ್ನು ಎತ್ತಿ ಎದೆಗೊರಗಿಸಿಕೊಂಡು, ಸೋಮವಾರದ ಮಾತೆತ್ತಿದ.

ಮಾತು ಮುಗಿಯುವ ಮೊದಲೇ ಎದೆಯಿಂದ ಹೊಟ್ಟೆಯವರೆಗೆ ಬೆಚ್ಚಗಾಯಿತು. ಬಿಳಿ ಶರ್ಟು, ಒಳಗಿನ ಬನಿಯನ್, ಬೆಲ್ಟಿನವರೆಗೂ ಇಳಿಯಿತು. ವಿವರಿಸುವ ಭರದಲ್ಲಿ ಎಡಗಡೆಯ ಬಟನ್ನು ಹಾಕುವುದನ್ನೇ ಮರೆತಿದ್ದ. ಅನಘಾ ಚಮಚ ಬಾಯಲ್ಲಿಟ್ಟುಕೊಂಡೇ ಅವನ ಮುಖ ನೋಡಿದಳು.

ಗಂಗಲಕ್ಷ್ಮಮ್ಮ ಕೆಳಗೆ ಬಗ್ಗಿ ಚಾಪೆಯನ್ನು ಸರ್ರನೆ ಎಳೆದು ಸುತ್ತಿ ಗೋಡೆಗೆ ಒರಗಿಸಿದರು. ಒಂದು ಹನಿಯೂ ಅದರ ಮೇಲೆ ಬಿದ್ದಿರಲಿಲ್ಲ.

"ಮಾತಾಗಿದ್ದು ಚಾಪೆ ಬಗ್ಗೆ. ನಿಮ್ ಶರ್ಟ್ ಬಗ್ಗೆ ಅಲ್ಲ," ಅಂದರು. "ಸೋಮವಾರ ಎಂಟೂವರೆಗೆ ಕರ್ಕೊಂಡ್ ಬನ್ನಿ ಸಾರ್. ಡೈಪರ್ ಮಾತ್ರ ನಾನೇ ಹಾಕ್ತೀನಿ."

ಎರಡು ಕ್ರಾಸ್ ದಾಟಿ, ಜನ ನೋಡದ ಹಾಗೆ ಮಗಳನ್ನೇ ಎದೆಗೆ ಅಡ್ಡ ಹಿಡಿದುಕೊಂಡು ಅವನು ಮನೆ ಸೇರಿದ. ಗೇಟಿನಲ್ಲಿ ಬೈರಪ್ಪ ಸ್ಕೂಟರ್ ಒರೆಸುತ್ತಿದ್ದರು. ಅವರ ಕಣ್ಣು ಶರ್ಟಿನ ಮೇಲೆ ನಿಂತಿತು.

"ಗಡಸು ನೀರಾ ಸಾರ್, ಕಾವೇರಿನಾ?"

"ಸ್ವಂತದ್ದು," ಅಂದ ಚನ್ನವೀರೇಶ.

ಮೇಲಿನ ಬಾಲ್ಕನಿಯಲ್ಲಿ ಸೌಮ್ಯಶ್ರೀ ನಿಂತಿದ್ದಳು. ಅವಳೂ ಶರ್ಟು ನೋಡಿದ್ದಳು.

"ಚಾಪೆ?" ಎಂದು ಮೇಲಿಂದಲೇ ಕೇಳಿದಳು.

"ಒಣಗಿದೆ. ಇದು ನಾನು ಹಾಕಿದ್ದು."

ಅವಳು ಕಂಬಿ ಹಿಡಿದುಕೊಂಡು ಒಂದು ದೀರ್ಘ ಉಸಿರು ಬಿಟ್ಟಳು. ಆಮೇಲೆ, ಬೈರಪ್ಪನವರಿಗೆ ಕೇಳಿಸುವಷ್ಟು ಗಟ್ಟಿಯಾಗಿ, ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಳು. ನೋಟ್‌ಬುಕ್ ತರ್ಲಾ ಎಂದು ಕೇಳಿದಳು.